ಬೇವಿನೆಲೆ ಬಿದ್ದ ನೀರು

ನಾನು ಮಗುವಿನ ತಲೆಗೆ ನೀರು ಹಾಕಲಿಲ್ಲ. ಹಾಕಿದೆ ಎಂದು ಹೇಳಿದೆ. ಅಜ್ಜಿ ಹೌದು ಹಾಕಿದಳು ಎಂದಳು. ನಡೆದಿದ್ದು ಇಷ್ಟೇ. ಆಮೇಲೆ ಕೇರಿಯವರು ಇದಕ್ಕೆ ಏನೇನೋ ಸೇರಿಸಿದರು, ಹತ್ತು ವರ್ಷದ ಹುಡುಗಿಯ ಕೈಯಲ್ಲಿ ದೇವರೇ ಕೆಲಸ ಮಾಡಿಸಿದ ಎಂದರು. ಅಮ್ಮ ಸಾಯುವ ತನಕ ಅದನ್ನೇ ನಂಬಿಕೊಂಡಿದ್ದಳು. ಈಗ ಅಮ್ಮ ಇಲ್ಲ, ಅಪ್ಪ ಇಲ್ಲ, ಅಜ್ಜಿಯಂತೂ ಯಾವಾಗಲೋ ಹೋದಳು. ನೊಂದುಕೊಳ್ಳುವವರು ಯಾರೂ ಉಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ದೊಡ್ಡ ಮಾತು ಬರುವುದಿಲ್ಲ. ಬಂದಷ್ಟರಲ್ಲಿ ಹೇಳುತ್ತೇನೆ.

ನಮ್ಮ ಮನೆ ಬಡವನಹಳ್ಳಿಯಿಂದ ಒಂದೂವರೆ ಮೈಲಿ ಒಳಗೆ, ಕ್ರೈಸ್ತರ ಕೇರಿಯಲ್ಲಿತ್ತು. ಕೇರಿ ಎಂದರೆ ಹದಿನೈದು ಮನೆ, ಎಲ್ಲ ಮಣ್ಣಿನ ಮಾಳಿಗೆಯವು. ನಮ್ಮದಕ್ಕೆ ಮಾತ್ರ ಒಂದು ವಿಶೇಷ. ಮನೆಯ ಹಿಂಗೋಡೆಯೇ ಗುಡಿಯ ಗೋಡೆ, ಚರ್ಚನ್ನು ನಾವು ಗುಡಿ ಎನ್ನುತ್ತಿದ್ದೆವು. ಗೋಡೆಯ ಆ ಕಡೆ ಪೂಜೆಯ ಪೀಠ, ಈ ಕಡೆ ನಮ್ಮ ಕತ್ತಲೆಕೋಣೆ, ಅದರೊಳಗೆ ರಾಗಿಯ ಗುಡಾಣ, ಹುಣಸೆಹಣ್ಣಿನ ಗಡಿಗೆ, ಅಜ್ಜಿಯ ಹರಕು ಚಾಪೆ. ಅಪ್ಪ ಉಪದೇಶಿಯಾಗಿದ್ದ. ಗುರುಗಳು, ಅವರನ್ನು ನಾವೆಲ್ಲ ಸ್ವಾಮಿಯವರು ಎನ್ನುತ್ತಿದ್ದೆವು, ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಡವನಹಳ್ಳಿಗೆ ಬಂದು ಅಲ್ಲಿಂದ ಸೈಕಲ್ಲು ತುಳಿದು ಬರುತ್ತಿದ್ದರು. ಉಳಿದ ದಿನ ಜಪ ಹೇಳಿಸುವುದು, ಮಕ್ಕಳಿಗೆ ಜ್ಞಾನೋಪದೇಶ ಕಲಿಸುವುದು, ಸತ್ತವರನ್ನು ಮಣ್ಣು ಮಾಡುವುದು ಎಲ್ಲ ಅಪ್ಪನದೇ. ಗಂಟೆಗೆ ಬದಲು ಒಂದು ರೈಲುಕಂಬಿಯ ತುಂಡನ್ನು ಹುಣಸೆಮರಕ್ಕೆ ಕಟ್ಟಿದ್ದರು. ಅದನ್ನು ಬಡಿಯುವುದೂ ಅಪ್ಪನೇ. ಅಪ್ಪ ಮನೆಯಲ್ಲಿ ಜೋರಾಗಿ ಜಗಳವಾಡುತ್ತಿರಲಿಲ್ಲ. ಗೋಡೆಯಾಚೆ ಕೇಳಿಸುತ್ತದೆ ಎಂದು ದನಿ ತಗ್ಗಿಸುತ್ತಿದ್ದ. ಅಜ್ಜಿ ತಗ್ಗಿಸುತ್ತಿರಲಿಲ್ಲ. ಗೋಡೆಯಾಚೆ ಮಾತ್ರ ಕಿವಿ ಇರುವ ದೇವರಾದರೆ ಅವನಿಂದ ನನಗೇನು ಎನ್ನುತ್ತಿದ್ದಳು.

ಅಜ್ಜಿಗೆ ಎರಡು ಹೆಸರಿತ್ತು. ಹುಟ್ಟಿದಾಗ ಕೆಂಚಮ್ಮ. ಮದುವೆಯಾಗಿ ಮಕ್ಕಳಾದ ಮೇಲೆ ಕೇರಿಯವರೆಲ್ಲ ಜ್ಞಾನಸ್ನಾನ ತೆಗೆದುಕೊಂಡು ಕ್ರೈಸ್ತರಾದಾಗ ಅನ್ನಮ್ಮ. ಹೊಸ ಹೆಸರಿನಿಂದ ಕರೆದರೆ ಎರಡನೇ ಸಲಕ್ಕೆ ತಿರುಗಿ ನೋಡುತ್ತಿದ್ದಳು. ಪೂಜೆ ತಪ್ಪಿಸುತ್ತಿರಲಿಲ್ಲ, ಸ್ವಾಮಿಯವರು ನಾಲಗೆಯ ಮೇಲಿಡುವ ಸತ್ಪ್ರಸಾದ ಬಿಡುತ್ತಿರಲಿಲ್ಲ, ಆದರೆ ಅಪ್ಪ ಹೇಳಿದ್ದನ್ನೆಲ್ಲ ನಂಬುತ್ತಲೂ ಇರಲಿಲ್ಲ. ಅಮ್ಮ ಇವಳಿಗೆ ಪೂರಾ ಉಲ್ಟಾ. ಪಾವಗಡದ ಕಡೆಯವಳು, ತೆಲುಗಿನಲ್ಲಿ ಜಪ ಕಲಿತವಳು, ಹೇಳಿದ್ದನ್ನೆಲ್ಲ ನಂಬುವವಳು. ಸಾರಿಗೆ ಉಪ್ಪು ಹಾಕುವಾಗಲೂ ಶಿಲುಬೆ ಗುರುತು ಹಾಕುತ್ತಿದ್ದಳು.

ಆಗ ಒಂದು ಕಟ್ಟಳೆಯಿತ್ತು, ಆಮೇಲೆ ಅದನ್ನು ಸಡಿಲ ಮಾಡಿದರು. ಸತ್ಪ್ರಸಾದ ತೆಗೆದುಕೊಳ್ಳುವವರು ಹಿಂದಿನ ರಾತ್ರಿ ಹನ್ನೆರಡರಿಂದ ಏನೂ ತಿನ್ನಬಾರದು, ಒಂದು ಗುಟುಕು ನೀರೂ ಕುಡಿಯಬಾರದು. ಕುಡಿದರೆ ಆವತ್ತು ಸತ್ಪ್ರಸಾದ ಇಲ್ಲ. ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ. ಅಪ್ಪ ಯಾತಕ್ಕೂ ಇರಲಿ ಎಂದು ಶನಿವಾರ ಮುದ್ದೆ ತಿಂದು ಕೈ ತೊಳೆದ ಕೂಡಲೇ ಕುಡಿಯುವ ನೀರಿನ ಮಡಕೆಗೆ ಬಿಳಿ ಬಟ್ಟೆ ಕಟ್ಟಿಬಿಡುತ್ತಿದ್ದ. ಕಟ್ಟಳೆ ಒಂದು ಗೇಣು ಇದ್ದರೆ ಅಪ್ಪ ಅದನ್ನು ಒಂದು ಮೊಳ ಮಾಡುತ್ತಿದ್ದ. ಇದನ್ನು ನೆನಪಿಟ್ಟುಕೊಳ್ಳಿ.

ಅಮ್ಮನಿಗೆ ನಾನು ಹುಟ್ಟಿ ಹತ್ತು ವರ್ಷಕ್ಕೆ ಮತ್ತೆ ಬಸಿರಾಯಿತು. ನಡುವೆ ಹುಟ್ಟಿದ ಎರಡು ಕೂಸು ಉಳಿದಿರಲಿಲ್ಲ. ಏಳನೇ ತಿಂಗಳಿಗೆ ಅಮ್ಮನ ಕಾಲು ಊದಿಕೊಂಡಾಗ ಅಪ್ಪನಿಗೆ ಹೆದರಿಕೆ ಹತ್ತಿತು. ಹುಟ್ಟಿದ ಮಗುವಿನ ಉಸಿರು ನಿಲ್ಲುವ ಹಾಗಿದ್ದರೆ ಸ್ವಾಮಿಯವರು ಬರುವ ತನಕ ಕಾಯಬೇಕಾಗಿಲ್ಲ, ಮನೆಯಲ್ಲಿ ಇರುವವರೇ ತಲೆಗೆ ನೀರು ಹಾಕಿ ಜ್ಞಾನಸ್ನಾನ ಕೊಡಬಹುದು. ಹೆರಿಗೆ ಮಾಡಿಸುವವಳು ಅಜ್ಜಿಯೇ ಆದ್ದರಿಂದ ಅಪ್ಪ ಆ ಮಾತುಗಳನ್ನು ಅವಳಿಗೆ ಕಲಿಸಲು ಕೂತ. ಒಲೆಯ ಮುಂದೆ ಅಜ್ಜಿ ಹುರುಳಿ ಕೇರುತ್ತಿದ್ದಳು.

“ನಂಗ್ಯಾಕಪ್ಪ ಅದು? ಕೂಸಿಗೆ ಎಂಥ ಪಾಪ, ಇನ್ನೂ ಕಣ್ಣೇ ಬುಟ್ಟಿರಾಕಿಲ್ಲ.”

“ಅದು ಮಾಡಿದ ಪಾಪ ಅಲ್ಲವ್ವ. ಆದಿ ತಂದೆ ಮಾಡಿದ್ದು, ಎಲ್ಲಾರ ರಕ್ತದಾಗೂ ಬಂದೈತೆ. ಅದು ಹೋಗ್ದಿದ್ರೆ ಮಗೂಗೆ ಮೋಕ್ಷ ಇಲ್ಲ. ನರಕನೂ ಅಲ್ಲ, ಮೋಕ್ಷನೂ ಅಲ್ಲ, ನಡುವೆ ಎಲ್ಲೋ ಉಳ್ಕೊಂಬುಡ್ತದೆ.”

“ನಾನು ಈ ಕೈಯಾಗೆ ಎಷ್ಟು ಕೂಸು ಎತ್ತೀನಿ. ಹಸಿವು ಹೊತ್ಕೊಂಡು ಬರ್ತವೆ, ಅಷ್ಟೇಯ. ಪಾಪ ಎಲ್ಲೈತೆ ತೋರ್ಸು, ಸೊಂಟದಾಗೋ, ಕಿವ್ಯಾಗೋ?”

“ಕಣ್ಣಿಗೆ ಕಾಣಂಗಿದ್ರೆ ನಂಬಿಕೆ ಯಾತಕ್ಕೆ ಬೇಕಿತ್ತು?”

ಅಜ್ಜಿ ಮೊರವನ್ನು ನೆಲಕ್ಕೆ ತಟ್ಟಿ ಎದ್ದಳು. ನಾನು ಕಲಿಯಾಕಿಲ್ಲ ಬುಡು, ಬೇಕಾದ್ರೆ ಆ ಹುಡುಗೀಗೆ ಕಲ್ಸು ಎಂದು ಹಿತ್ತಲಿಗೆ ಹೋದಳು. ಹಾಗೆ ಅದು ನನ್ನ ಪಾಲಿಗೆ ಬಂತು.

ಅಪ್ಪ ನನಗೆ ಕಲಿಸಿದ ರೀತಿ ಹೀಗೆ. ಪಡಸಾಲೆಯಲ್ಲಿ ಒಂದು ಸೋರೆಬುರುಡೆಯನ್ನು ಮಗು ಮಾಡಿಕೊಂಡು ಅದರ ಮೇಲೆ ಚೊಂಬಿನಿಂದ ನೀರು ಸುರಿಸಿ, ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ ಎಂದು ಹೇಳಿಸುವುದು. ಮೂರು ಸಂಜೆ ಇದೇ ನಡೆಯಿತು. ಆಮೇಲೆ ಪ್ರಶ್ನೆ. ಹಾಲಿನಲ್ಲಿ ಕೊಡಬಹುದೋ? ಆಗದು. ಮಜ್ಜಿಗೆಯಲ್ಲಿ? ಆಗದು. ಎಳನೀರಿನಲ್ಲಿ? ಆಗದು. ನಾನು ಬಾಯಿಗೆ ಬಂದಂತೆ, ಬೆಲ್ಲದ ಪಾನಕದಲ್ಲಿ ಎಂದು ಕೇಳಿದೆ. ಅಪ್ಪ ತಲೆಗೆ ಒಂದು ಮೊಟಕಿದ.

“ನೀರು ಅಂದ್ರೆ ನೀರು ಕಣಮ್ಮ. ಒಳಗೆ ಇನ್ನೊಂದು ಬೆರೆತಿರಬಾರದು. ಬೆರೆತ್ರೆ ಅದು ನೀರಲ್ಲ.”

ನಾನು ಅದನ್ನು ಮನಸ್ಸಿಗೆ ಹಾಕಿಕೊಂಡೆ. ಆ ವಯಸ್ಸಿನಲ್ಲಿ ಹಾಕಿಕೊಂಡದ್ದು ಹೋಗುವುದಿಲ್ಲ.

ಅಮ್ಮನಿಗೆ ನೋವು ಬಂದ ದಿನ ಅಪ್ಪ ಮನೆಯಲ್ಲಿರಲಿಲ್ಲ. ಕೊರಟಗೆರೆಯಲ್ಲಿ ಯಾರದೋ ಮದುವೆಯ ಮಾತುಕತೆಗೆ ಹೋಗಿದ್ದ. ಇನ್ನೂ ದಿನ ತುಂಬಿರಲಿಲ್ಲ. ಅಜ್ಜಿ ಅಮ್ಮನನ್ನು ಕತ್ತಲೆಕೋಣೆಗೆ ಎಳೆದುಕೊಂಡು ಹೋದಳು. ಮನೆಯಲ್ಲಿದ್ದ ಅಷ್ಟೂ ನೀರನ್ನು, ಕುಡಿಯುವ ಮಡಕೆಯದನ್ನೂ ಸೇರಿಸಿ, ಹಂಡೆಗೆ ಸುರಿದು ಒಲೆ ಹಚ್ಚಿದಳು. ಅದಕ್ಕೆ ಎರಡು ಹಿಡಿ ಬೇವಿನೆಲೆ, ಒಂದು ಕೊಂಬು ಅರಿಶಿನ ಜಜ್ಜಿ ಹಾಕಿದಳು. ಕಾದ ಮೇಲೆ ಹಂಡೆಯನ್ನೇ ಕೋಣೆಯ ಬಾಗಿಲಿಗೆ ತಂದಿಟ್ಟಳು. ಬಾಣಂತಿಗೂ ಕೂಸಿಗೂ ಅವಳ ಕೈಮದ್ದು ಅದೇ. ಮಧ್ಯಾಹ್ನದ ಹೊತ್ತಿಗೆ ಮಗು ಆಯಿತು, ಗಂಡು. ಮುಷ್ಟಿಯಷ್ಟು ತಲೆ, ಮೈಯೆಲ್ಲ ನೇರಳೆ ಬಣ್ಣ. ಅಳಲಿಲ್ಲ. ಬಾಯಿ ತೆರೆದು ಒಮ್ಮೆ ಉಸಿರು ಎಳೆಯುವುದು, ಬಹಳ ಹೊತ್ತು ಬಿಟ್ಟು ಇನ್ನೊಮ್ಮೆ ಎಳೆಯುವುದು. ಅಮ್ಮ ನರಳಿ ನರಳಿ ಪ್ರಜ್ಞೆ ತಪ್ಪುವ ಹಾಗಿದ್ದಳು. ರಕ್ತ ಚಾಪೆ ದಾಟಿ ಗುಡಾಣದ ಬುಡಕ್ಕೆ ಹರಿದಿತ್ತು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಕಲಿಯಾಕಿಲ್ಲ ಎಂದ ಅಜ್ಜಿಯೇ ನನ್ನನ್ನು ಕರೆದಳು.

“ಲೇ ಮರಿ, ನಿಮ್ಮಪ್ಪ ಹೇಳ್ಕೊಟ್ಟಿದ್ದು ಮಾಡಾದಾದ್ರೆ ಈಗ್ಲೇ ಮಾಡು.”

ನಾನು ಹಂಡೆಗೆ ಚೊಂಬು ಅದ್ದಿದೆ. ಚೊಂಬಿನಲ್ಲಿ ಹಳದಿ ನೀರು, ಮೇಲೆ ಬೇವಿನೆಲೆ ತೇಲುತ್ತಿತ್ತು. ಬೆರೆತರೆ ಅದು ನೀರಲ್ಲ. ಇದು ಆಗಲ್ಲ ಅಜ್ಜಿ, ಬಾವಿ ನೀರು ತರ್ತೀನಿ ಎಂದೆ. ಅಜ್ಜಿ ಏನೋ ಕೂಗಿದಳು, ನಾನು ಅಷ್ಟರಲ್ಲಿ ಬಿಂದಿಗೆ ಎತ್ತಿಕೊಂಡು ಓಡಿದ್ದೆ.

ಊರಬಾವಿ ಹತ್ತಿರದಲ್ಲಿತ್ತು, ಆದರೆ ನಾವು ಅದನ್ನು ಮುಟ್ಟುವಂತಿರಲಿಲ್ಲ. ನಮ್ಮ ಬಾವಿ ಹುಣಸೆತೋಪು ದಾಟಿ. ಓಡಿ ಹೋದೆ, ಸೇದಿದೆ, ಬಿಂದಿಗೆ ತುಂಬಿದೆ. ಇಷ್ಟರವರೆಗೆ ಎಲ್ಲ ಸರಿ. ಆಮೇಲೆ ನಾನು ಬಾವಿಕಟ್ಟೆಯ ಮೇಲೆ ಕೂತೆ. ಅಲ್ಲಿಗೆ ಅಮ್ಮನ ನರಳಾಟ ಕೇಳಿಸುತ್ತಿರಲಿಲ್ಲ, ಅದಕ್ಕೇ ಕೂತೆ. ಮುಖ ತೊಳೆದುಕೊಂಡೆ. ಬೊಗಸೆಯಲ್ಲಿ ನೀರು ಕುಡಿದೆ. ಕಟ್ಟೆಯ ಕಲ್ಲಿನ ಸಂದಿಯಲ್ಲಿ ಇರುವೆ ಸಾಲು ಹೋಗುತ್ತಿತ್ತು, ಅದನ್ನು ನೋಡಿದೆ. ಎಷ್ಟು ಹೊತ್ತು ಎಂದರೆ, ಒದ್ದೆಯಾದ ಲಂಗದ ಅಂಚು ಅರ್ಧ ಒಣಗುವಷ್ಟು ಹೊತ್ತು. ನಾನು ವಾಪಸು ಬಂದಾಗ ಅಜ್ಜಿ ಮಗುವನ್ನು ತನ್ನ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಮುಖ ಮುಚ್ಚಿದ್ದಳು.

ಅಮ್ಮ ಕಣ್ಣು ಬಿಟ್ಟಳು. ಮಗು ಬದುಕಿದೆಯಾ ಎಂದು ಕೇಳಲಿಲ್ಲ. ಮೊದಲು ಕೇಳಿದ್ದು, ನೀರು ಹಾಕಿದ್ರಾ ಎಂದು. ನನ್ನ ಕಂಕುಳಲ್ಲಿ ತುಂಬಿದ ಬಿಂದಿಗೆ ಇತ್ತು. ಹಾಕಿದೆ ಎಂದೆ. ಅಮ್ಮ ಅಜ್ಜಿಯ ಕಡೆ ನೋಡಿದಳು.

“ಹಾಕಿದ್ಲು. ನಾನೇ ನೋಡ್ದೆ.”

“ಹೆಸ್ರು ಏನಿಟ್ಟೆ?”

“ಅಂತಪ್ಪ” ಎಂದೆ. ಬಾಯಿಗೆ ಬಂದದ್ದು ಅದೇ.

ಸಂಜೆ ಅಪ್ಪ ಬಂದು ಪಾಠ ಒಪ್ಪಿಸಿಕೊಳ್ಳುವ ಹಾಗೆ ನನ್ನನ್ನು ನಿಲ್ಲಿಸಿ ಕೇಳಿದ. ಯಾವ ನೀರು? ಬಾವಿ ನೀರು. ಮಾತು ಪೂರ್ತಿ ಹೇಳಿದೆಯಾ? ಹೇಳಿದೆ. ನೀರು ಚರ್ಮಕ್ಕೆ ತಾಗಿ ಹರಿಯಿತಾ? ಹರಿಯಿತು. ಆಗ ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು ಅತ್ತ. ಮೊಟಕಿದ ಜಾಗದಲ್ಲೇ ಕೈಯಿಟ್ಟಿದ್ದ. ನಮ್ಮ ಗೋರಿಗಳ ಜಾಗಕ್ಕೆ ಕಲ್ಲಿನ ಮೋಟುಗೋಡೆ ಇತ್ತು. ಜ್ಞಾನಸ್ನಾನವಾದವರನ್ನು ಗೋಡೆಯೊಳಗೆ, ಆಗದೆ ಸತ್ತ ಕೂಸುಗಳನ್ನು ಗೋಡೆಯಾಚೆ ಕಳ್ಳಿಬೇಲಿಯ ಹತ್ತಿರ ಮಣ್ಣು ಮಾಡುತ್ತಿದ್ದರು. ಅಮ್ಮನ ಹಿಂದಿನ ಎರಡೂ ಆಚೆಯೇ ಇದ್ದವು. ಅಂತಪ್ಪನನ್ನು ಒಳಗೆ ಹೂತರು.

ಅಲ್ಲಿಂದ ನನಗೆ ಮನೆಯಲ್ಲಿ ಕೂರಲಾಗದ ಕಾಯಿಲೆ ಹಿಡಿಯಿತು. ಪಡಸಾಲೆಯಲ್ಲಿ ಕೂತರೆ ಸೋರೆಬುರುಡೆ ಕಾಣುತ್ತಿತ್ತು. ಕತ್ತಲೆಕೋಣೆಗೆ ರಾಗಿ ತೆಗೆಯಲು ಹೋದರೆ ಗುಡಾಣದ ಬುಡ. ಹಿತ್ತಲಿನಲ್ಲಿ ಹಂಡೆ. ಅಜ್ಜಿ ದಿನಾ ಬೆಳಿಗ್ಗೆ ಅಮ್ಮನ ಮೈತೊಳೆಯಲು ಅದರಲ್ಲಿ ಬೇವಿನೆಲೆ ಹಾಕಿ ಕಾಯಿಸುತ್ತಿದ್ದಳು. ಕೇರಿಯ ಹೆಂಗಸರು ಅಮ್ಮನನ್ನು ನೋಡಲು ಬಂದವರು ನನ್ನನ್ನೂ ನೋಡಿಕೊಂಡು ಹೋಗುತ್ತಿದ್ದರು. ಬೆಲ್ಲ ಕೊಡುವರು, ಕಡಲೆಕಾಯಿ ಕೊಡುವರು. ಒಬ್ಬಳು ಜ್ವರ ಬಂದ ಮಗುವನ್ನು ತಂದು, ನಿನ್ನ ಕೈ ಇದರ ನೆತ್ತಿ ಮೇಲೆ ಇಡವ್ವ ಎಂದಳು. ಇಟ್ಟೆ. ಮಗುವಿನ ಜ್ವರ ಬಿಟ್ಟಿತು, ಬಿಡುವ ಜ್ವರವೇ ಇರಬೇಕು. ಅದಕ್ಕೂ ನನ್ನ ಹೆಸರೇ. ಸಂಜೆಯ ಜಪ ಇನ್ನೂ ಕಷ್ಟ. ಜಪಮಾಲೆ ಮುಗಿದ ಮೇಲೆ ಸಂತರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಿದ್ದೆವು. ಅಮ್ಮ ಕೊನೆಯಲ್ಲಿ ತಾನೇ ಒಂದು ಹೆಸರು ಸೇರಿಸಿದಳು. ಪಾಪ ತೊಳೆದ ಕೂಸು ನೇರ ಮೋಕ್ಷಕ್ಕೆ ಹೋಗುತ್ತದಲ್ಲ, ಹೋದ ಮೇಲೆ ಅದೂ ಸಂತನೇ. ನಮ್ಮ ಅಂತಪ್ಪ ಎಂದು ಅಮ್ಮ ಹೇಳುವುದು, ನಮಗಾಗಿ ಬೇಡಿಕೋ ಎಂದು ನಾವೆಲ್ಲ ಹೇಳುವುದು. ಅಜ್ಜಿ ಗಟ್ಟಿಯಾಗಿ ಹೇಳುತ್ತಿದ್ದಳು. ನಾನು ತುಟಿ ಮಾತ್ರ ಆಡಿಸುತ್ತಿದ್ದೆ. ಒಂದು ದಿನ ಹಿತ್ತಲಿನಲ್ಲಿ ಅಜ್ಜಿ ನನ್ನ ರಟ್ಟೆ ಹಿಡಿದು ಕೂರಿಸಿದಳು.

“ಯಾಕೇ ಇಂಗೆ ಕಾಲು ಸುಟ್ಟ ಬೆಕ್ಕಿನಂಗೆ ತಿರುಗ್ತೀಯ?”

“ಸುಳ್ಳು ಹೇಳಿದ್ವಲ್ಲ ಅಜ್ಜಿ.”

“ಹೇಳಿದ್ವು.”

“ದೇವ್ರಿಗೆ ಗೊತ್ತಾಗಲ್ವಾ?”

“ಗೋಡೆ ಆಚೆನೇ ಇದ್ನಲ್ಲೇ, ನಿನಗಿಂತ ಮುಂಚೆ ನೋಡಿರ್ತಾನೆ. ನೋಡಿ ಸುಮ್ಕೆ ಅವ್ನೆ. ನಾನೂ ಸುಮ್ಕಿವ್ನಿ. ನೀನೂ ಸುಮ್ಕಿರು.”

ಅಜ್ಜಿಗೆ ಅಷ್ಟು ಸಾಕಾಗಿತ್ತು. ಅವಳು ದೇವರನ್ನು ಕೇರಿಯ ಒಬ್ಬ ಹಿರಿಯನ ಹಾಗೆ ಇಟ್ಟುಕೊಂಡಿದ್ದಳು, ಕಂಡರೂ ಕಾಣದ ಹಾಗೆ ಇರಬಲ್ಲವನು ಎಂದು. ನನಗೆ ಸಾಕಾಗಲಿಲ್ಲ. ನನ್ನ ಹೊಟ್ಟೆಯೊಳಗೆ ಇದ್ದದ್ದು ಸುಳ್ಳು ಒಂದೇ ಅಲ್ಲ. ಬಾವಿಕಟ್ಟೆಯ ಮೇಲೆ ನಾನು ಕೂತದ್ದು ಅಜ್ಜಿಗೆ ಗೊತ್ತಿರಲಿಲ್ಲ. ನೀರಿಗಾಗಿ ಓಡಿದೆ ಎಂದು ಅವಳೂ ತಿಳಿದಿದ್ದಳು. ಮನುಷ್ಯ ಹುಟ್ಟುವಾಗಲೇ ಕೆಟ್ಟು ಬರುತ್ತಾನೆ ಎಂದು ಅಪ್ಪ, ಹಸಿವು ಬಿಟ್ಟು ಬೇರೇನೂ ತರುವುದಿಲ್ಲ ಎಂದು ಅಜ್ಜಿ. ಇಬ್ಬರ ಮಾತನ್ನೂ ಮಲಗಿದಾಗ ತಿರುವಿ ತಿರುವಿ ನೋಡಿದೆ. ಎರಡೂ ನನಗೆ ಹೊಂದಲಿಲ್ಲ. ಬಾವಿಕಟ್ಟೆಯ ಮೇಲೆ ಕೂತದ್ದು ಆದಿ ತಂದೆಯಲ್ಲ, ಹಸಿವೂ ಅಲ್ಲ. ಕೂತದ್ದು ನಾನು. ಏಳಬಹುದಾಗಿತ್ತು, ಏಳಲಿಲ್ಲ.

ಇದರ ನಡುವೆ ನನ್ನ ಮೊದಲ ಸತ್ಪ್ರಸಾದದ ದಿನ ಗೊತ್ತಾಗಿತ್ತು. ಮುಂದಿನ ಸಲ ಸ್ವಾಮಿಯವರು ಬಂದಾಗ ಶನಿವಾರ ಸಂಜೆ ಪಾಪನಿವೇದನೆ, ಭಾನುವಾರ ಬೆಳಿಗ್ಗೆ ಸತ್ಪ್ರಸಾದ. ಅಪ್ಪ ಸಿರಾದಿಂದ ಬಿಳಿ ಬಟ್ಟೆ ತಂದಿದ್ದ, ಅಮ್ಮ ಬಾಣಂತಿ ಮಂಚದ ಮೇಲೆ ಕೂತೇ ಲಂಗ ಹೊಲಿಯುತ್ತಿದ್ದಳು. ಕೂಸಿಗೆ ಎಂದು ಎತ್ತಿಟ್ಟಿದ್ದ ಕಸೂತಿ ಪಟ್ಟಿಯನ್ನು ಅದರ ಅಂಚಿಗೆ ಹಚ್ಚಿದಳು. ಪಾಪನಿವೇದನೆಯಲ್ಲಿ ಗೊತ್ತಿದ್ದೂ ಒಂದನ್ನು ಮುಚ್ಚಿಟ್ಟು ಸತ್ಪ್ರಸಾದ ತೆಗೆದುಕೊಂಡರೆ ಅದಕ್ಕಿಂತ ದೊಡ್ಡ ದ್ರೋಹವಿಲ್ಲ ಎಂದು ಅಪ್ಪ ನಮಗೆಲ್ಲ ಎಷ್ಟೋ ಸಲ ಹೇಳಿದ್ದ. ಹೇಳಿದರೆ ಕೂಸನ್ನು ಅಗೆದು ಗೋಡೆಯಾಚೆ ಹಾಕುತ್ತಾರೆ ಎಂದು ನನ್ನ ಲೆಕ್ಕ. ಹೇಳದಿದ್ದರೆ ದ್ರೋಹ. ಮೂರು ವಾರ ಇದೇ ತಿರುಗಾಟ. ತಿಂದದ್ದು ಮೈಗೆ ಹತ್ತಲಿಲ್ಲ.

ಸ್ವಾಮಿಯವರು ಬಂದವರು ಮೊದಲು ಗುಡಿಯ ದೊಡ್ಡ ಪುಸ್ತಕದಲ್ಲಿ ಅಂತಪ್ಪನ ಹೆಸರು ಬರೆದರು, ನೀರು ಹಾಕಿದವಳು ಎಂದು ನನ್ನದನ್ನೂ ಬರೆದರು. ವಯಸ್ಸಾದವರು, ಪುಸ್ತಕದ ಕನ್ನಡ ಆಡುತ್ತಿದ್ದರು, ಸೈಕಲ್ಲು ತುಳಿದು ಕಾಲು ನಡುಗುತ್ತಿತ್ತು. ಸಂಜೆ ಅವರು ಗುಡಿಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರು, ನಡುವೆ ಒಂದು ಪಂಚೆ ಇಳಿಬಿದ್ದಿತ್ತು. ನಾನು ಪಂಚೆಯ ಈಚೆ ಮೊಣಕಾಲೂರಿದೆ. ಸಣ್ಣಪುಟ್ಟದ್ದನ್ನು, ಬೆಲ್ಲ ಕದ್ದದ್ದು, ಅಜ್ಜಿಯನ್ನು ಅಣಕಿಸಿದ್ದು ಎಲ್ಲ ಬೇಗ ಬೇಗ ಹೇಳಿದೆ. ಆಮೇಲೆ, ನಾನು ನೀರು ಹಾಕಲಿಲ್ಲ ಸ್ವಾಮಿ ಎಂದೆ. ಹಂಡೆಯ ನೀರಿನಲ್ಲಿ ಬೇವಿನೆಲೆ, ಅರಿಶಿನ ಇತ್ತು, ಅದಕ್ಕೆ ಬಾವಿಗೆ ಹೋದೆ, ಬರುವಷ್ಟರಲ್ಲಿ ಸತ್ತಿತ್ತು ಎಂದೆ. ಸ್ವಾಮಿಯವರು ಪಂಚೆಯ ಹತ್ತಿರಕ್ಕೆ ಬಾಗಿದರು.

“ಬೇವಿನೆಲೆ ಬಿದ್ದರೂ ಅದು ನೀರೇ ಮಗಳೇ. ಅದರಲ್ಲೇ ಕೊಡಬಹುದಿತ್ತು.”

ಹಾಗಾದರೆ ಬೆರೆತರೆ ನೀರಲ್ಲ ಎಂದದ್ದು ಅಪ್ಪನ ಸ್ವಂತದ್ದು. ಗೇಣನ್ನು ಮೊಳ ಮಾಡಿದ್ದ. ಚೊಂಬು ನನ್ನ ಕೈಯಲ್ಲೇ ಇತ್ತು, ಮಗು ಒಂದು ಮಾರು ದೂರದಲ್ಲಿ ಉಸಿರಾಡುತ್ತಿತ್ತು. ಈಗ ಅಗೆದು ತೆಗೆಯುತ್ತೀರಾ ಎಂದು ಕೇಳಿದೆ. ಸ್ವಾಮಿಯವರು, ಇಲ್ಲಿ ಕೇಳಿದ್ದನ್ನು ನಾನು ಯಾರಿಗೂ ಹೇಳುವಂತಿಲ್ಲ, ಪುಸ್ತಕವನ್ನೂ ತಿದ್ದುವಂತಿಲ್ಲ, ಮಗುವನ್ನು ದೇವರ ಕರುಣೆಗೆ ಬಿಡು, ಅವನು ನೀರಿಗೆ ಕಟ್ಟುಬಿದ್ದವನಲ್ಲ ಎಂದರು. ನನಗೆ ಇನ್ನೂ ಗೊಂದಲವಾಯಿತು. ಅವನು ನೀರಿಗೆ ಕಟ್ಟುಬಿದ್ದವನಲ್ಲ ಎಂದರೆ ಅಮ್ಮನ ಎರಡು ಕೂಸುಗಳು ಕಳ್ಳಿಬೇಲಿಯ ಹತ್ತಿರ ಯಾಕಿವೆ? ಕೇಳಲಿಲ್ಲ. ಸ್ವಾಮಿಯವರೇ ಕೇಳಿದರು.

“ಇನ್ನೇನಾದರೂ ಇದೆಯೇ?”

ಬಾವಿಕಟ್ಟೆ ನಾಲಗೆಯ ತುದಿಗೆ ಬಂತು. ಇಲ್ಲ ಎಂದೆ. ಮೂರು ಪ್ರಾರ್ಥನೆ ಹೇಳು, ನಿನ್ನ ಪಾಪ ಹೋಯಿತು ಎಂದು ಕೈಯೆತ್ತಿ ಆಶೀರ್ವಾದ ಮಾಡಿದರು. ಮೂರನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ, ಗೊತ್ತಿದ್ದೂ ಮುಚ್ಚಿಟ್ಟೆನಲ್ಲ ಎಂದು ಹೊಳೆಯಿತು. ತಿರುಗಿ ಹೋಗಿ ಹೇಳಬಹುದಿತ್ತು. ಸಾಲಿನಲ್ಲಿ ಇನ್ನೂ ಏಳೆಂಟು ಜನ ಇದ್ದರು, ಅಪ್ಪ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದ. ಉಪದೇಶಿಯ ಮಗಳು ಎರಡು ಸಲ ಯಾಕೆ ಹೋದಳು ಎಂದು ಕೇರಿ ಕೇಳುತ್ತದೆ. ಎರಡನೇ ಸಲವೂ ನಾನು ಏಳಲಿಲ್ಲ.

ಮನೆಗೆ ಬಂದರೆ ಅಮ್ಮ ಲಂಗ ಮಡಿಸಿ ಮಂಚದ ಮೇಲೆ ಇಟ್ಟಿದ್ದಳು. ಹೆರಿಗೆಯಾದ ಮೇಲೆ ಅವಳು ಹೊಸ್ತಿಲು ದಾಟುವುದು ನಾಳೆಯೇ ಮೊದಲು. ನೀನು ಸತ್ಪ್ರಸಾದ ತಗೊಳ್ಳಾವಾಗ ನಿನ್ನ ತಮ್ಮನೂ ಮ್ಯಾಲಿಂದ ನೋಡ್ತಿರ್ತಾನೆ ಎಂದು ಹೇಳಿ ನಕ್ಕಳು. ಮೂರು ವಾರದಲ್ಲಿ ಅವಳು ನಕ್ಕಿದ್ದು ಅದೇ. ಮುದ್ದೆ ಉಂಡೆವು. ಅಪ್ಪ ಕುಡಿಯುವ ಮಡಕೆಗೆ ಬಿಳಿ ಬಟ್ಟೆ ಕಟ್ಟಿದ. ನನಗೆ ನಂಬಿಕೆ ಇಲ್ಲದಿದ್ದರೆ ಎಷ್ಟು ಸುಲಭವಾಗುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಬಿಳಿ ಲಂಗ ಹಾಕಿಕೊಂಡು, ನಾಲಗೆ ಚಾಚಿ, ನುಂಗಿ ಬರುವುದು. ಅದು ಬರೀ ಗೋಧಿಯ ರೊಟ್ಟಿ ಎಂದು ತಿಳಿದವರಿಗೆ ಏನು ಕಷ್ಟ? ನಾನು ಅದು ದೇವರೇ ಎಂದು ನಂಬಿದ್ದೆ. ಬಾವಿಕಟ್ಟೆ ಇಟ್ಟುಕೊಂಡ ಹೊಟ್ಟೆಯೊಳಗೆ ಅವನನ್ನು ಇಳಿಸಲಾರೆ ಎಂದಷ್ಟೇ ನನಗೆ ಗೊತ್ತಿದ್ದದ್ದು.

ಮಾರನೆಯ ಬೆಳಿಗ್ಗೆ ಅಮ್ಮ ನನಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿದಳು, ಬಿಳಿ ಲಂಗ ತೊಡಿಸಿದಳು. ಅಪ್ಪ ಹೋಗಿ ರೈಲುಕಂಬಿ ಬಡಿದು ಬಂದ. ನಾನು ಹಿತ್ತಲಿಗೆ ನಡೆದೆ. ಅಮ್ಮನ ಸ್ನಾನಕ್ಕೆ ಕಾಯಿಸಿ ಮಿಕ್ಕಿದ ನೀರು ಹಂಡೆಯ ತಳದಲ್ಲಿ ಉಗುರುಬೆಚ್ಚಗಿತ್ತು, ಎಲೆಗಳೆಲ್ಲ ಕಪ್ಪಾಗಿದ್ದವು. ಚೊಂಬು ಅದ್ದಿದೆ. ಮರೆಯಲ್ಲಿ ಕುಡಿಯಲಿಲ್ಲ. ಮೂವರಿಗೂ ಕಾಣುವ ಹಾಗೆ ಹಿತ್ತಲ ಬಾಗಿಲಿನ ಹೊಸ್ತಿಲ ಮೇಲೆ ಬಂದು ನಿಂತು, ಪೂರಾ ಒಂದು ಚೊಂಬು, ಕಹಿಗೆ ಕಣ್ಣಲ್ಲಿ ನೀರು ಬಂದರೂ ಬಿಡದೆ ಕುಡಿದೆ. ಅಮ್ಮನ ಕೈಯಲ್ಲಿದ್ದ ಬಾಚಣಿಗೆ ಬಿತ್ತು. ಅಜ್ಜಿ ನನ್ನನ್ನೇ ನೋಡುತ್ತಾ ನಿಂತಳು. ಅಪ್ಪ ಬಂದು ನನ್ನ ಕೈಯಿಂದ ಚೊಂಬು ಕಿತ್ತುಕೊಂಡು ಒಳಗೆ ನೋಡಿದ. ತಳದಲ್ಲಿ ಎರಡು ಬೇವಿನೆಲೆ ಅಂಟಿಕೊಂಡಿದ್ದವು.

“ನೀರು ಕುಡ್ದುಬುಟ್ಲು” ಎಂದ ಅಮ್ಮನಿಗೆ. “ಇವಳಿಗೆ ಇವತ್ತು ಸತ್ಪ್ರಸಾದ ಇಲ್ಲ.”

ನಾನು ಚೊಂಬನ್ನು ಅಪ್ಪನ ಕೈಯಿಂದ ವಾಪಸು ಇಸಿದುಕೊಂಡೆ. ಬೂದಿ ಹಾಕಿ ಉಜ್ಜಿ ತೊಳೆದೆ. ಒಲೆಯ ಪಕ್ಕ ಬೋರಲು ಹಾಕಿ, ಬಿಳಿ ಲಂಗದಲ್ಲೇ ಹೋಗಿ ಗುಡಿಯ ಕೊನೆಯ ಸಾಲಿನಲ್ಲಿ ಕೂತೆ.